ಎರಡು ಬೆರಳು ಜಾಗ

ನಮ್ಮೂರಿನಲ್ಲಿ ಮನೆಯ ಬಾಗಿಲಿಗೆ ನಂಬರು ಬರೆಯಲು ಯಾರೂ ಬಣ್ಣ ತರುವುದಿಲ್ಲ, ತಗಡೂ ಹೊಡೆಯುವುದಿಲ್ಲ. ಕಚೇರಿಯ ಮನೆಪಟ್ಟಿಯಲ್ಲಿ ಏನಿದೆಯೋ ಅದು ಬಾಗಿಲ ಮೇಲೆ ತಾನೇ ಬರುತ್ತದೆ. ಪಟ್ಟಿಯಲ್ಲಿ ನಿಮ್ಮ ಹೆಸರಿನ ಹಿಂದೆ ಎಪ್ಪತ್ತು ಎಂದಿದ್ದರೆ ಬಾಗಿಲ ಚೌಕಟ್ಟಿನ ಮೇಲೂ ಎಪ್ಪತ್ತು. ಕಚೇರಿಯಲ್ಲಿ ಅದನ್ನು ಅರವತ್ತೊಂಬತ್ತು ಮಾಡಿದರೆ, ನೀವು ಒಳಗೆ ಕುಳಿತು ರೊಟ್ಟಿ ಮುರಿಯುತ್ತಿರುವಾಗಲೇ ಹೊರಗೆ ಅರವತ್ತೊಂಬತ್ತಾಗಿರುತ್ತದೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಸೊಸೆಯಂದಿರು ಮೊದಮೊದಲು ಬೆಚ್ಚುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಅವರೂ ಬಾಗಿಲ ಮೇಲೊಮ್ಮೆ ಕಣ್ಣು ಹಾಯಿಸಿಯೇ ಕೊಡ ಎತ್ತಿಕೊಳ್ಳುವುದನ್ನು ಕಲಿಯುತ್ತಾರೆ, ಯಾಕೆಂದರೆ ನಲ್ಲಿಯ ಸರದಿ ನಂಬರಿನ ಪ್ರಕಾರ. ಊಟದ ಪಂಕ್ತಿಯೂ ನಂಬರಿನ ಪ್ರಕಾರವೇ. ಹೆಣ್ಣು ಕೊಡುವವರು ಐವತ್ತರೊಳಗಿನ ಮನೆ ಹುಡುಕುತ್ತಾರೆ. ಜಗಳವಾದಾಗ, "ನೂರಾತೊಂಬತ್ತರಾಂವ ನೀ, ನನಗೇನ್ ಹೇಳಾಕ ಬರ್ತಿ?" ಎಂದರೆ ಅದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ.

ಆ ಪಟ್ಟಿ ಬರೆಯುವ ಗುಮಾಸ್ತ ನಾನು. ಹೆಸರು ತವನಪ್ಪ. ನನಗಿಂತ ಮುಂಚೆ ನನ್ನಪ್ಪ ಬರೆಯುತ್ತಿದ್ದ. ಅಕ್ಷರ ದುಂಡಗಿರಬೇಕು, ಮಸಿ ಹರಡಬಾರದು ಎಂಬುದರ ಜೊತೆಗೆ ಅಪ್ಪ ಇನ್ನೊಂದು ಪದ್ಧತಿಯನ್ನೂ ಕಲಿಸಿಕೊಟ್ಟಿದ್ದ. ಮನೆಯ ಯಜಮಾನ ತೀರಿಕೊಂಡರೆ ಅವನ ಹೆಸರು ತೆಗೆದು ಹೆಂಡತಿಯ ಹೆಸರು ಬರೆಯಬೇಕು. ಬರೆಯುವಾಗ ಎಡಗಡೆ ಎರಡು ಬೆರಳು ಜಾಗ ಬಿಡಬೇಕು. ವರ್ಷ ತುಂಬುವವರೆಗೆ ಆ ಜಾಗ ಹಾಗೆಯೇ ಇರಬೇಕು. ಅದು ಹೋದವನಿಗೆ ತೋರಿಸುವ ಮರ್ಯಾದೆ. ನಾನು ಮೂವತ್ತೊಂದು ವರ್ಷ ತೋರುಬೆರಳು, ನಡುಬೆರಳು ಜೋಡಿಸಿ ಕಾಗದದ ಮೇಲಿಟ್ಟು, ಅಳೆದೇ ಬರೆದಿದ್ದೇನೆ. ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ. ನಂಬರು ಅಂಚಿನಲ್ಲಿ ತನ್ನ ಪಾಡಿಗೆ ಇರುತ್ತಿತ್ತು, ಹೆಸರು ಮಾತ್ರ ಸ್ವಲ್ಪ ಒಳಗೆ ಸರಿದಿರುತ್ತಿತ್ತು.

ಹೋದ ವರ್ಷ ಕಚೇರಿಗೆ ಕಂಪ್ಯೂಟರ್ ಬಂತು. ತಂದವನು ಅರ್ಧ ದಿನ ಕುಳಿತು, ಹೆಸರು ಬರೆದು ಎಂಟರ್ ಒತ್ತಿದರೆ ಮುಂದಿನ ನಂಬರು ತಾನೇ ಬರುತ್ತದೆ ಎಂದು ತೋರಿಸಿ, ಚಹಾ ಕುಡಿದು ಹೊರಟುಹೋದ. ನನಗೆ ಅದೇ ಮೊದಲ ಕಿರಿಕಿರಿ. ನಾನು ಕೇಳಿರುವುದಿಲ್ಲ, ಆದರೂ ನಂಬರು ಬಂದು ನಿಂತಿರುತ್ತದೆ, ಕರೆಯದ ಊಟಕ್ಕೆ ಬಂದ ನೆಂಟನ ಹಾಗೆ. ಹಳೆಯ ವಹಿಯಲ್ಲಿ ನಡುವಿನ ಒಂದು ಮನೆ ತೆಗೆದರೆ ಕೆಳಗಿನದನ್ನೆಲ್ಲ ತಿದ್ದಲು ತಿಂಗಳು ಹಿಡಿಯುತ್ತಿತ್ತು. ಊರಿನ ಬಾಗಿಲುಗಳೂ ತಿಂಗಳಿಡೀ ನಿಧಾನವಾಗಿ ಬದಲಾಗುತ್ತಿದ್ದವು. ಈಗ ಒಂದು ಗುಂಡಿ ಒತ್ತಿದರೆ ಸಾಕು, ಊರೆಲ್ಲ ಒಟ್ಟಿಗೆ ಸರಿಯುತ್ತದೆ. ನಮ್ಮ ಕಾರಭಾರಿ ವಾಮನರಾಯರು, ಎಂದರೆ ಕಚೇರಿಯ ಯಜಮಾನರು, ಒಂದು ದಿನ ನನ್ನ ಕುರ್ಚಿಯಲ್ಲಿ ಕುಳಿತು ಏನೋ ಒತ್ತಿ ನಂಬರುಗಳ ಬದಲು ಕರೀ ಚುಕ್ಕೆ ಬರುವ ಹಾಗೆ ಮಾಡಿದರು. ಇನ್ನೂರಾಹನ್ನೆರಡು ಬಾಗಿಲುಗಳ ಮೇಲೂ ಒಂದೊಂದು ಚುಕ್ಕೆ! ಅಂದು ನಲ್ಲಿಯ ಹತ್ತಿರ ಯಾರು ಮೊದಲು, ಯಾರು ಆಮೇಲೆ ಎಂದು ಯಾರಿಗೂ ತಿಳಿಯಲಿಲ್ಲ. ಮೂರು ಕೊಡ ಒಡೆದವು, ಒಂದು ಬಳೆ ಕೈಯಲ್ಲೇ ಮುರಿಯಿತು. ಟಪಾಲಿನ ದಾವಲಸಾಬ ಚೀಲವನ್ನು ಕಚೇರಿಯ ಕಟ್ಟೆಯ ಮೇಲೆ ಸುರಿದು, "ಕಾಗದ ಯಾರಿಗೆ ಬೇಕೋ ಅವರ ಬಂದ್ ಹುಡುಕ್ಕೊಳ್ರಿ" ಎಂದು ಕುಳಿತುಬಿಟ್ಟ. ಆಮೇಲಿಂದ ಕಾರಭಾರಿಯವರು ಆ ಕುರ್ಚಿಯ ಹತ್ತಿರ ಬರುವುದನ್ನು ಬಿಟ್ಟರು. ನಾನೂ ಬಿಡಬಹುದಾಗಿತ್ತು, ಆದರೆ ಸಂಬಳ ಬರುವುದು ಅದಕ್ಕೇ.

ಯುಗಾದಿಗೆ ಹದಿನೈದು ದಿನ ಇರುವಾಗ ನಲವತ್ತೊಂದನೆಯ ಮನೆಯ ಫಕೀರಪ್ಪ ತೀರಿಕೊಂಡ. ಯಂತ್ರ ಬಂದ ಮೇಲೆ ಯಜಮಾನ ಹೋದ ಮೊದಲ ಮನೆ ಅದು. ಮಕ್ಕಳಿರಲಿಲ್ಲ. ಹೆಂಡತಿ ಸಾವಂತ್ರೆವ್ವ ಕೌದಿ ಹೊಲಿಯುವಾಕೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಹತ್ತಿರ ಹತ್ತಿರ ಹೊಲಿಗೆ ಹಾಕಿ ಆಕೆ ಮಾಡಿದ ಕೌದಿ ಹೊದೆಯದ ಕೂಸು ನಮ್ಮೂರಲ್ಲಿ ಸಿಗಲಿಕ್ಕಿಲ್ಲ. ಪಕ್ಕದ ನಲವತ್ತನೆಯ ಮನೆ ಫಕೀರಪ್ಪನ ಅಣ್ಣ ಅಡಿವೆಪ್ಪನದು. ಅವನು ಉಳ್ಳಾಗಡ್ಡಿ ವ್ಯಾಪಾರಿ, ಬಾಯಿ ತುಂಬ ಮಾತು.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ನಾನು ಪಟ್ಟಿ ತೆರೆದೆ. ಫಕೀರಪ್ಪನ ಹೆಸರು ಅಳಿಸಿ ಸಾವಂತ್ರೆವ್ವನ ಹೆಸರು ಬರೆದೆ. ಆಮೇಲೆ ಎರಡು ಬೆರಳು ಜಾಗ ಬಿಡಬೇಕಲ್ಲ! ಪರದೆಯ ಮೇಲೆ ಬೆರಳಿಟ್ಟು ಅಳೆದೆ. ಟ್ಯಾಬ್ ಎಂಬ ಗುಂಡಿ ಒತ್ತಿದರೆ ಸಾಲು ಒಳಗೆ ಸರಿಯುತ್ತದೆ ಎಂದು ನನಗೆ ಗೊತ್ತಿತ್ತು. ಒತ್ತಿದೆ. ಸಾಲು ಸರಿಯಿತು, ಸರಿಯಾಗಿ ಎರಡು ಬೆರಳು. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ ಎಂದುಕೊಂಡು, ಉಳಿಸಿ, ಕನ್ನಡಕ ತೆಗೆದು, ಚಹಾಕ್ಕೆ ಹೋದೆ.

ಬೀದಿಯಲ್ಲಿ ಜನ ತಮ್ಮ ತಮ್ಮ ಬಾಗಿಲು ನೋಡುತ್ತ ನಿಂತಿದ್ದರು. ನಲವತ್ತೆರಡಿದ್ದದ್ದು ನಲವತ್ತೊಂದಾಗಿತ್ತು. ಐವತ್ತೊಂದು ಐವತ್ತಾಗಿತ್ತು. ಕೊನೆಯ ಮನೆಯವರೂ ಒಂದು ಮೆಟ್ಟಿಲು ಮೇಲೆ ಬಂದಿದ್ದರು. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ, ಆದರೆ ಪಟ್ಟಿಯ ಗುಮಾಸ್ತ ತಿಳಿಯದು ಅನ್ನುವ ಹಾಗಿಲ್ಲವಲ್ಲ. "ಹಂಗ ಐತಿ ಅದು" ಎಂದು ಗಂಭೀರವಾಗಿ ತಲೆಯಾಡಿಸಿದೆ. ಐವತ್ತಾದ ಮನೆಯವರು ಆ ಸಂಜೆಯೇ ಮಗನಿಗೆ ಹೆಣ್ಣು ನೋಡಲು ಹೊರಟರು. ನನ್ನ ಮನೆ ನೂರಾಒಂದು ಇದ್ದದ್ದು ನೂರಾಗಿತ್ತು. ನನ್ನ ಹೆಂಡತಿ ಮೈನಾಬಾಯಿ ಆ ಅಂಕಿಗೆ ಅರಿಸಿನ ಕುಂಕುಮ ಹಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದಳು. "ನೂರು! ನೋಡ್ರಿ, ಎಷ್ಟ್ ದುಂಡಗ ಕಾಣತೈತಿ," ಎಂದಳು. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ನಾನು ಅವಳಿಗೆ ತಂದುಕೊಟ್ಟ ಯಾವುದನ್ನೂ ಅವಳು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ದಾವಲಸಾಬ ಬಂದು ನನ್ನ ಮೇಜಿನ ಮುಂದೆ ನಿಂತ. "ಅಣ್ಣಾರ, ಸಾವಂತ್ರೆವ್ವಗ ಒಂದ್ ಕಾಗದ ಬಂದೈತ್ರಿ. ಆಕಿ ಮನಿ ಎಲ್ಲಿ?"

"ನಲವತ್ತರ ಬಾಜೂಕ. ಇಷ್ಟ್ ವರ್ಷ ನಿನಗ ಗೊತ್ತಿರಲಿಲ್ಲೇನು?"

"ನಲವತ್ತರ ಬಾಜೂಕ ಗ್ವಾಡಿ ಐತ್ರಿ. ಬಾಗಲಾ ಇಲ್ಲ."

ನಾನು ಎದ್ದು ಓಡಿದೆ. ಅವನು ಹೇಳಿದ್ದು ನಿಜ. ಮನೆ ಇತ್ತು, ಮಾಡು ಇತ್ತು, ಮಾಡಿನಿಂದ ಹೊಗೆಯೂ ಬರುತ್ತಿತ್ತು. ಬೀದಿಯ ಕಡೆ ಬಾಗಿಲಿದ್ದ ಜಾಗದಲ್ಲಿ ಮಾತ್ರ ಸುಣ್ಣ ಬಳಿದ ಗೋಡೆ. ಒಳಗಿನಿಂದ ಯಾರೋ ಗೋಡೆ ಬಡಿಯುವ ಸದ್ದು ಕೇಳಿಸುತ್ತಿತ್ತು. ಅಡಿವೆಪ್ಪನ ಮನೆಯ ಪಡಸಾಲೆಗೆ ಹೋದೆ. ಅಲ್ಲಿ, ನಿನ್ನೆ ಮೊನ್ನೆಯವರೆಗೆ ಅವನ ಫೋಟೋಗಳು ನೇತಾಡುತ್ತಿದ್ದ ಗೋಡೆಯಲ್ಲಿ ಒಂದು ಬಾಗಿಲು ಬಂದಿತ್ತು. ಚೌಕಟ್ಟಿನ ಮೇಲೆ ನಂಬರಿಲ್ಲ, ಸಣ್ಣದಾಗಿ 'ಅ' ಎಂಬ ಅಕ್ಷರ ಮಾತ್ರ. ಸಾವಂತ್ರೆವ್ವನಿಗೆ ಇನ್ನು ಬೀದಿಗೆ ಬರಬೇಕಾದರೆ ಭಾವನ ಪಡಸಾಲೆ ದಾಟಿ ಬರಬೇಕು.

ಕಚೇರಿಗೆ ಮರಳಿ ಪರದೆಗೆ ಮೂಗು ಹಚ್ಚಿ ನೋಡಿದಾಗಲೇ ನನಗೆ ಕಂಡದ್ದು. ನಲವತ್ತು, ಅಡಿವೆಪ್ಪ. ಅವನ ಕೆಳಗೆ, ಎರಡು ಬೆರಳು ಒಳಗೆ, 'ಅ', ಸಾವಂತ್ರೆವ್ವ. ಅದರ ಕೆಳಗೆ ಮತ್ತೆ ಅಂಚಿಗೆ ನಲವತ್ತೊಂದು, ಬೇರೆ ಯಾರದೋ ಹೆಸರು. ನಾನು ಬಿಟ್ಟ ಜಾಗವನ್ನು ಯಂತ್ರ ಮರ್ಯಾದೆ ಎಂದು ತಿಳಿದಿರಲಿಲ್ಲ. ಈಕೆ ಮೇಲಿನವನ ಕೈಕೆಳಗಿನವಳು ಎಂದು ತಿಳಿದಿತ್ತು.

ಸರಿ, ಒಳಗೆ ತಳ್ಳಿದ್ದು ನಾನು, ಹೊರಗೆ ತರುವವನೂ ನಾನೇ ಎಂದು ಕುಳಿತೆ. ಅಳಿಸುವ ಗುಂಡಿ, ಬ್ಯಾಕ್‌ಸ್ಪೇಸ್, ಒಂದು ಸಲ ಒತ್ತಿದೆ. 'ಅ' ಮಾಯವಾಯಿತು, ಹೆಸರು ಉಳಿಯಿತು. ಕಟ್ಟು ಬಿಚ್ಚಿತು ಎಂದುಕೊಂಡು ಉಳಿಸಿದೆ. ಐದೇ ನಿಮಿಷ. ಅಡಿವೆಪ್ಪನ ಹೆಂಡತಿ ಬೊಬ್ಬೆ ಹೊಡೆಯುತ್ತ ಕಚೇರಿಗೆ ಬಂದಳು. ಎರಡು ಮನೆಗಳ ನಡುವಿನ ಗೋಡೆಯೇ ಹೋಗಿಬಿಟ್ಟಿತ್ತಂತೆ. ಸಾವಂತ್ರೆವ್ವನ ಒಲೆ ಇವಳ ಒಲೆಯ ಪಕ್ಕಕ್ಕೆ, ಕೌದಿಯ ಗಂಟು ಇವರ ದೇವರ ಜಗುಲಿಯ ಮುಂದೆ, ಸಾವಂತ್ರೆವ್ವ ಸೂಜಿ ಹಿಡಿದುಕೊಂಡು ನಡುಮನೆಯಲ್ಲಿ. ನಂಬರೂ ಇಲ್ಲದ, ಅಕ್ಷರವೂ ಇಲ್ಲದ ಸಾಲು ಮೇಲಿನ ಸಾಲಿನದೇ ಅಂತೆ! ಗಾಬರಿಯಲ್ಲಿ 'ಹಿಂದಿನಂತೆ ಮಾಡು' ಎಂಬುದನ್ನು ಒತ್ತಿ ಗೋಡೆ ಎಬ್ಬಿಸಿದೆ. ಗಣಪನ ಮಾಡಲು ಹೋಗಿ ಅವರಪ್ಪನ ಮಾಡಿದ ಹಾಗಾಗಿತ್ತು ನನ್ನ ಕಥೆ.

ಮಧ್ಯಾಹ್ನ ಇನ್ನೊಂದು ಪ್ರಯತ್ನ. ಮೌಸಿನ ಬಲಗಡೆಯ ಗುಂಡಿ ಒತ್ತಿದರೆ ಒಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ, ಅದರಲ್ಲಿ 'ಒಂದರಿಂದ ಆರಂಭಿಸು' ಎಂದಿತ್ತು. ಹೊಸದಾಗಿ ಆರಂಭಿಸಿದರೆ ಆಕೆ ಅಡಿವೆಪ್ಪನಿಂದ ಬಿಡುಗಡೆಯಾಗಬಹುದು ಅನ್ನಿಸಿತು. ಆದರೆ ಅವಸರದಲ್ಲಿ ಪರದೆಯ ಬಾಣ ಒಂದು ಸಾಲು ಕೆಳಗೆ ಬಿತ್ತು. ಸಾವಂತ್ರೆವ್ವ ಇದ್ದಲ್ಲೇ ಉಳಿದಳು. ಅವಳ ಕೆಳಗಿನ ಮನೆ ಒಂದಾಯಿತು, ಅದರ ಮುಂದಿನದು ಎರಡು, ಮೂರು, ನಾಲ್ಕು. ನನ್ನ ಮನೆ ನೂರು ಇದ್ದದ್ದು ಅರವತ್ತು. ಈಗ ಊರಲ್ಲಿ ಎರಡು ಒಂದುಗಳು, ಎರಡು ಹತ್ತುಗಳು, ಎರಡು ನಲವತ್ತುಗಳು. ದಾವಲಸಾಬ ಮದುವೆಯ ಕರೆಯೋಲೆಯನ್ನು ಸೂತಕದ ಮನೆಗೆ ಕೊಟ್ಟು ಬೈಸಿಕೊಂಡು ಬಂದ. ಹೊಸ ಒಂದನೆಯ ಮನೆಯವನು ಕೊಡ ಹಿಡಿದುಕೊಂಡು ನಲ್ಲಿಯ ಮೊದಲನೆಯ ಜಾಗದಲ್ಲಿ ನಿಂತುಬಿಟ್ಟ. ಹಳೆಯ ಒಂದನೆಯ ಮನೆ ಯಾರದು? ಕಾರಭಾರಿಯವರದೇ.

ವಾಮನರಾಯರು ಕಚೇರಿಗೆ ಬಂದಾಗ ಅವರ ಹಣೆಯ ನರ ಎದ್ದಿತ್ತು. ಅವರ ಹಿಂದೆ ಅಡಿವೆಪ್ಪನೂ ಬಂದ. ನಾನು ಹುಡುಕಿ ಹುಡುಕಿ 'ಹಿಂದಿನದಕ್ಕೆ ಮುಂದುವರಿಸು' ಎಂಬುದನ್ನು ಒತ್ತಿದ ಮೇಲೆಯೇ ಎರಡನೆಯ ಒಂದು ಹೋಯಿತು. ಆದರೆ 'ಅ' ಮಾತ್ರ ಅಲ್ಲೇ ಇತ್ತು.

"ಇನ್ನ ಸಾಕು," ಎಂದರು ಕಾರಭಾರಿ. "ಅದನ್ನ ಮುಟ್ಟಬ್ಯಾಡ್ರಿ. ಪಾಡ್ಯದ ದಿನ ಹಿಂಗೇ ಮುದ್ರಿಸಿಬಿಡ್ರಿ."

ನಮ್ಮಲ್ಲಿ ಪ್ರತಿವರ್ಷ ಯುಗಾದಿ ಪಾಡ್ಯದ ದಿನ ಪಟ್ಟಿಯನ್ನು ಒಂದೇ ಒಂದು ಸಲ, ಮೊದಲು ಕೈಯಿಂದ ನಕಲು ತೆಗೆದು, ಈಗ ಮುದ್ರಿಸಿ, ಕಚೇರಿಯ ಗೋಡೆಗೆ ಅಂಟಿಸುತ್ತೇವೆ. ಎರಡನೆಯ ಸಲ ಮುದ್ರಿಸುವ ಪದ್ಧತಿ ಇಲ್ಲ. ಅಂಟಿಸಿದ ಮೇಲೆ, ಮುಂದಿನ ಯುಗಾದಿಗೆ ತಿಂಗಳಿರುವಾಗ ಆ ಹಾಳೆ ಕಿತ್ತು ತಿದ್ದಲು ಕೂರುವವರೆಗೆ, ಯಂತ್ರದಲ್ಲಿ ಏನು ಒತ್ತಿದರೂ ಊರಿನ ಒಂದು ಬಾಗಿಲೂ ಅಲುಗುವುದಿಲ್ಲ. ಪಾಡ್ಯಕ್ಕೆ ಇನ್ನು ಉಳಿದಿದ್ದದ್ದು ಒಂದೇ ದಿನ.

"ಸಾಹೇಬರ, ಆಕಿ ಬಾಗಲಾ..."

"ತವನಪ್ಪ, ಲೆಕ್ಕಾ ಹಾಕ್ರಿ. ಆಕೀ ಕೆಳಗ ಎಷ್ಟ್ ಮನಿ ಅವ? ನೂರಾ ಎಪ್ಪತ್ತೊಂದು. ಅವರೆಲ್ಲಾ ಒಂದೊಂದ್ ನಂಬರ್ ಮ್ಯಾಲೆ ಬಂದಾರ. ಯಾರರೆ ತಕರಾರು ಮಾಡ್ಯಾರೇನು? ಒಬ್ಬಾಕಿ ಸಲುವಾಗಿ ನೂರಾ ಎಪ್ಪತ್ತೊಂದು ಮಂದೀನ ಹಿಂದಕ್ಕ ದಬ್ಬಲೇನು?"

ಅಡಿವೆಪ್ಪ ಮೃದುವಾಗಿ ನಕ್ಕ. "ನಾನೇನ್ ಆಕೀಗೆ ಊಟಾ ಕೊಡಂಗಿಲ್ಲ ಅಂದೇನೇನ್ರಿ? ತಮ್ಮನ ಹೆಂಡತಿ ಅಂದ್ರ ಮಗಳಿದ್ದಂಗ. ನನ್ನ ನೆರಳಾಗ ಇರ್ತಾಳ. ಹೆಣ್ಣಮಗಳಿಗೆ ಬೀದಿ ಬಾಗಲಾ ತಗೊಂಡ್ ಆಗಬೇಕಾದ್ದೇನೈತಿ?"

ಮಾತು ಕೇಳಲು ಚೆನ್ನಾಗಿಯೇ ಇತ್ತು. ನನಗೆ ಅದರಲ್ಲಿ ತಪ್ಪು ಎಲ್ಲಿದೆ ಎಂದು ತಟ್ಟನೆ ಹೊಳೆಯಲಿಲ್ಲ. ತಲೆ ಮೊಸರುಗಡಿಗೆಯಾಗಿತ್ತು. ಮನೆಗೆ ಬಂದು ಮೈನಾಬಾಯಿಯ ಮುಂದೆ ಎಲ್ಲ ಹೇಳಿಕೊಂಡೆ. ಅವಳು ಹಿಟ್ಟು ನಾದುತ್ತಲೇ ಕೇಳಿದಳು. "ಪಾಪ, ಸಾವಂತ್ರೆವ್ವ," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಕಾರಭಾರಿಯವರು ಹೇಳೂದೂ ಖರೇನ ಐತಿ," ಎಂದಳು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ನೂರು ಹೋಗಿಬಿಡತೈತೇನ್ರಿ?" ಎಂದು ಕೇಳಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಮತ್ತೆ ಹೊರಬಿದ್ದೆ.

ಅಡಿವೆಪ್ಪನ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಗಂಡ ಹೆಂಡತಿ ಸಂತೆಗೆ ಹೋಗಿದ್ದರು. ಅವರ ದೃಷ್ಟಿಯಲ್ಲಿ ಅದರಲ್ಲೇನೂ ಅನ್ಯಾಯವಿಲ್ಲ, ಮನೆ ಬಿಟ್ಟು ಹೋಗುವಾಗ ಯಾರಾದರೂ ಬೀಗ ಹಾಕುತ್ತಾರೆ. ನಾನು ಬೀದಿಯ ಗೋಡೆಯ ಹತ್ತಿರ ಬಂದೆ. ಎತ್ತರದಲ್ಲಿ ಒಂದು ಬೆಳಕಿಂಡಿ ಉಳಿದಿತ್ತು. ಕೆಳಗೆ, ಕಟ್ಟೆಯ ಮೇಲೆ ಯಾರೋ ಇಟ್ಟುಹೋದ ಹಳೆಯ ಸೀರೆಗಳ ಗಂಟು. ಕೌದಿಗೆ ಕೊಡಲು ಬಂದವರು ಬಾಗಿಲು ಕಾಣದೆ ಅಲ್ಲೇ ಇಟ್ಟು ಹೋಗಿದ್ದರು.

"ಸಾವಂತ್ರೆವ್ವಾ, ನಾನು ತವನಪ್ಪ."

ಒಳಗೆ ಏನೋ ಎಳೆದ ಸದ್ದಾಯಿತು. ಬೆಳಕಿಂಡಿಯಲ್ಲಿ ಮುಖ ಕಾಣಿಸಿತು. ಬಳಲಿದ ಮುಖ, ಆದರೆ ಅತ್ತ ಮುಖವಲ್ಲ. "ಉಳ್ಳಾಗಡ್ಡಿ ಚೀಲದ ಮ್ಯಾಲೆ ನಿಂತೇನ್ರಿ, ಅಣ್ಣಾರ. ಭಾವನವರು ಮುಂದಿನ ಕೋಲ್ಯಾಗ ಹದಿನೆಂಟು ಚೀಲಾ ಇಟ್ಟಾರ. ಜಾಗಾ ಖಾಲೀನ ಐತಲ್ಲ ಅಂದ್ರು. ನಾ ಕುಂತ್ ಹೊಲಿಯೂ ಜಾಗಾ ಅದು."

"ನನ್ನಿಂದ ತಪ್ಪಾತವ್ವಾ. ಫಕೀರಪ್ಪಗ ಮರ್ಯಾದಿ ಅಂತ ಎರಡು ಬೆರಳು ಜಾಗಾ ಬಿಡಾಕ ಹೋದೆ. ಪದ್ಧತಿ ಐತಲ್ಲ."

ಅವಳು ಸಿಟ್ಟಿಲ್ಲದೆ, ತನಗೂ ನಿಜವಾಗಿ ತಿಳಿಯದ್ದನ್ನು ಕೇಳುವ ಹಾಗೆ ಕೇಳಿದಳು. "ಸತ್ತಾವ್ರು ಅವರು. ನಾ ಯಾಕ ಸರೀಬೇಕಿತ್ತು, ಅಣ್ಣಾರ?"

ಮೂವತ್ತೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅಪ್ಪನನ್ನೂ ಯಾರೂ ಕೇಳಿದ ಹಾಗಿಲ್ಲ. ಹೆಂಡತಿ ಸತ್ತರೆ ಗಂಡನ ಹೆಸರಿಗೆ ಜಾಗ ಬಿಡುವ ಪದ್ಧತಿ ಇಲ್ಲ ಎಂಬುದೂ ನನಗೆ ಆಗಲೇ, ಆ ಗೋಡೆಯ ಮುಂದೆ ನಿಂತಾಗಲೇ ಹೊಳೆದದ್ದು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ತಿಳೀವಲ್ದವ್ವ," ಎಂದೆ. "ಹೊರಗ ತರಬೇಕಂತೀನಿ, ಹೆಂಗ ತರೂದಂತನೂ ತಿಳೀವಲ್ದು. ಅಳಿಸಿದ್ರ ಗ್ವಾಡಿ ಹೋಗತೈತಿ. ಹೊಸದಾಗಿ ಶುರು ಮಾಡಿದ್ರ ಊರಾಗ ಎರಡು ಒಂದು ಆಗತಾವ."

"ಒಳಗ ದಬ್ಬಿದ್ದು ಯಾವ ಗುಂಡಿ?"

"ಟ್ಯಾಬ್ ಅಂತ."

"ಅದರ ಮ್ಯಾಲೆ ಏನ್ ಬರದೈತಿ, ನೋಡೀರೇನು? ಹೊಲಿಗಿ ತಪ್ಪಿದ್ರ ನಾ ಬ್ಯಾರೆ ಕಡೆ ಕತ್ತರಿ ಹಾಕಂಗಿಲ್ರಿ. ಸೂಜಿ ಹೊಕ್ಕ ತೂತಿನಾಗಿಂದನ ದಾರಾ ಹಿಂದ ಎಳೀತೀನಿ."

ಏನು ಬರೆದಿದೆ? ವರ್ಷದಿಂದ ಬೇರೆ ಕಾಗದ ಬರೆಯುವಾಗೆಲ್ಲ ಆ ಗುಂಡಿ ಒತ್ತುತ್ತಿದ್ದೆ, ಒಂದು ದಿನವೂ ಅದರ ಮುಖ ನೋಡಿರಲಿಲ್ಲ. ಸೀರೆಯ ಗಂಟನ್ನು ಬೆಳಕಿಂಡಿಯಿಂದ ಒಳಗೆ ಹಾಕಿ ಕಚೇರಿಗೆ ನಡೆದೆ. ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದೆ. ಅದರ ಮೇಲೆ ಎರಡು ಬಾಣಗಳಿದ್ದವು, ಒಂದರ ಮೇಲೊಂದು. ಕೆಳಗಿನದು ಬಲಕ್ಕೆ, ಮೇಲಿನದು ಎಡಕ್ಕೆ. ಒಂದೇ ಗುಂಡಿಯ ಮೇಲೆ ಎರಡು ಗುರುತಿದ್ದರೆ ಮೇಲಿನದು ಬೇಕಾದಾಗ ಶಿಫ್ಟ್ ಹಿಡಿದು ಒತ್ತಬೇಕು ಎಂಬುದು ನನಗೆ ಗೊತ್ತು. ಪ್ರಶ್ನಾರ್ಥಕ ಚಿಹ್ನೆ ಬರೆಯುವುದು ಹಾಗೆಯೇ. ಇಷ್ಟೇನಾ? ಇಷ್ಟಕ್ಕಾಗಿ ಗೋಡೆ ಕೆಡವಿದೆನೇ, ಊರಿಗೆ ಎರಡು ಒಂದು ಮಾಡಿದೆನೇ? ಬೆರಳು ಇಟ್ಟೆ. ಆದರೆ ಒತ್ತಲಿಲ್ಲ. ಈಗ ಒತ್ತಿದರೆ ಊರೆಲ್ಲ ಕೆಳಗಿಳಿಯುತ್ತದೆ, ಕಾರಭಾರಿಯವರು ಬರುತ್ತಾರೆ, ನಾಳೆಯೊಳಗೆ ಮತ್ತೆ ಒಳಗೆ ತಳ್ಳಿಸುತ್ತಾರೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ನನಗೆ ಹೆದರಿಕೆಯಾಗಿತ್ತು. ಮನೆಗೆ ಹೋಗುವಾಗ ಬಾಗಿಲ ಮೇಲಿನ ನೂರನ್ನು ನೋಡದೆ ತಲೆ ತಗ್ಗಿಸಿ ಒಳಗೆ ಹೋದೆ.

ಪಾಡ್ಯದ ದಿನ ಬೆಳಿಗ್ಗೆ ಕಾರಭಾರಿಯವರು ತಲೆಗೆ ಹೊಸ ಪಟಗ ಸುತ್ತಿಕೊಂಡು ಬಂದರು. ಅಡಿವೆಪ್ಪ ಬೇವು ಬೆಲ್ಲ ಹಂಚುತ್ತಿದ್ದ. ದಾವಲಸಾಬ ಅಂಟಿನ ಡಬ್ಬಿ ಹಿಡಿದು ನಿಂತಿದ್ದ, ಪಟ್ಟಿ ಅಂಟಿಸುವುದು ಅವನ ಮನೆತನದ ಹಕ್ಕು. ಹೊರಗೆ ಊರ ಜನ ನೆರೆದಿದ್ದರು, ಎಲ್ಲರ ಮುಖದಲ್ಲೂ ಹಬ್ಬ. ನಾನು ಕುಳಿತೆ. ಪಟ್ಟಿ ತೆರೆದೆ. ನಲವತ್ತರ ಕೆಳಗೆ ಆ ಸಾಲು ಸಣ್ಣದಾಗಿ, ಒಳಗೆ ಸರಿದು ಕುಳಿತಿತ್ತು.

ನನಗೆ ಆಗ ಧೈರ್ಯ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂದದ್ದು ಗೊಂದಲವೇ. ನೂರಾ ಎಪ್ಪತ್ತೊಂದು ದೊಡ್ಡದೋ ಒಂದು ದೊಡ್ಡದೋ? ಅಂಕಿಯಲ್ಲಿ ನೂರಾ ಎಪ್ಪತ್ತೊಂದೇ ದೊಡ್ಡದು, ಮೂರು ವರ್ಷದ ಕೂಸಿಗೂ ಗೊತ್ತು. ಆದರೆ ಅವರಿಗೆಲ್ಲ ಬಂದದ್ದು ಒಂದು ನಂಬರು, ಇವಳಿಗೆ ಹೋದದ್ದು ಬಾಗಿಲು. ಈ ಎರಡನ್ನು ಯಾವ ತಕ್ಕಡಿಯಲ್ಲಿ ತೂಗುವುದು? ತೂಗಲು ಬರಲಿಲ್ಲ. ಆಕೆ ಉಳ್ಳಾಗಡ್ಡಿ ಚೀಲದ ಮೇಲೆ ನಿಂತು ಕೇಳಿದ ಮಾತು ಮಾತ್ರ ಕಿವಿಯಲ್ಲಿ ಹೋಗದೆ ಉಳಿದಿತ್ತು. ಎಡಗೈಯಿಂದ ಶಿಫ್ಟ್ ಹಿಡಿದೆ. ಟ್ಯಾಬ್ ಒತ್ತಿದೆ. ಸಾಲು ಅಂಚಿಗೆ ಬಂತು, 'ಅ' ಹೋಗಿ ನಲವತ್ತೊಂದು ಬಂತು. ಅದರ ಕೆಳಗೆ ಅಂಕಿಗಳೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದೊಂದು ಹಿಂದೆ ಸರಿದವು. ಉಳಿಸಿದೆ. ಮುದ್ರಿಸು ಎಂದೆ.

ಮೂರನೆಯ ಹಾಳೆ ಹೊರಬರುವ ಹೊತ್ತಿಗೆ ಬೀದಿಯಲ್ಲಿ ಗದ್ದಲ ಎದ್ದಿತು. ಯಾರೋ ಕೂಗಿದರು, "ಐವತ್ತು ಮತ್ತ ಐವತ್ತೊಂದಾತು!"

ಕಾರಭಾರಿಯವರು ನನ್ನ ಕಡೆ ತಿರುಗಿದರು. "ತವನಪ್ಪ, ಏನ್ ಮಾಡಿದ್ರಿ?"

"ಎರಡು ಬೆರಳು ಜಾಗಾ ಬಿಟ್ಟಿದ್ನೆಲ್ರಿ ಸಾಹೇಬರ, ಅದನ್ನ ತಗದೆ."

"ಮುಟ್ಟಬ್ಯಾಡ್ರಿ ಅಂದಿದ್ದೆ!"

"ಹೌದ್ರಿ, ಅಂದಿದ್ರಿ."

ಹಾಳೆಗಳು ಒಂದೊಂದಾಗಿ ಬರುತ್ತಲೇ ಇದ್ದವು. ಅಡಿವೆಪ್ಪ ಬೇವು ಬೆಲ್ಲದ ತಟ್ಟೆಯನ್ನು ಮೇಜಿನ ಮೇಲಿಟ್ಟು, "ತಡೀರಿ, ಅಂಟಿಸಬ್ಯಾಡ," ಎಂದು ದಾವಲಸಾಬನಿಗೆ ಅಡ್ಡ ನಿಂತ. ದಾವಲಸಾಬ ಹಾಳೆಗಳನ್ನು ಎದೆಗೆ ಒತ್ತಿಕೊಂಡು, "ಎರಡನೇ ಸಲ ಮುದ್ರಿಸೂ ಪದ್ಧತಿ ಇಲ್ಲಲ್ರಿ ಸಾವಕಾರ. ಅಂಟಿಸಲಿಲ್ಲಂದ್ರ ವರ್ಷ ಪೂರ್ತಿ ಊರಿಗೆ ನಂಬರ ಇರಂಗಿಲ್ಲ. ಚುಕ್ಕಿ ದಿವಸ ನೆನಪೈತೋ ಇಲ್ಲೋ?" ಎಂದ. ಕಾರಭಾರಿಯವರಿಗೆ ಅದು ಚೆನ್ನಾಗಿ ನೆನಪಿತ್ತು. ಅವರು ಕೈ ಬೀಸಿ, ಅಂಟಿಸು ಎಂದು ಸನ್ನೆ ಮಾಡಿ, ಪಟಗ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕುಳಿತರು.

ಆ ದಿನ ನನಗೆ ಬಿದ್ದ ಬೈಗುಳ ಹೇಳಿ ಮುಗಿಯುವುದಿಲ್ಲ. ಐವತ್ತೊಂದರ ಮನೆಯವರಿಗೆ ಗೊತ್ತಾದ ಹೆಣ್ಣಿನವರು ವಿಚಾರ ಮಾಡಿ ಹೇಳುತ್ತೇವೆ ಎಂದು ಹೇಳಿಕಳಿಸಿದರು. ಕೊನೆಯ ಮನೆಯ ಮುದುಕ ಬಂದು, "ನನಗ ಇನ್ನೂರಾ ಹನ್ನೊಂದು ಬಂದದ್ದು ತಡಕೊಳ್ಳೂದಾಗಲಿಲ್ಲೇನೋ ನಿನಗ?" ಎಂದು ಕೋಲು ಕುಟ್ಟಿ ಹೋದ. ಸಾವಂತ್ರೆವ್ವನ ಮನೆಯ ಕಡೆ ಹೋಗಲು ನನಗೆ ಮುಖವಿರಲಿಲ್ಲ. ಅಡಿವೆಪ್ಪ ತನ್ನ ಹದಿನೆಂಟು ಚೀಲಗಳನ್ನು ಆಕೆಯ ಬೀದಿಬಾಗಿಲಿನಿಂದ ಹೊತ್ತು ತೆಗೆಯಬೇಕಾಯಿತು ಎಂದು ದಾವಲಸಾಬ ಹೇಳಿದ. ಅಷ್ಟರಿಂದ ಬಾಗಿಲು ಬಂದಿದೆ ಎಂದು ತಿಳಿದುಕೊಂಡೆ. ಮನೆಯಲ್ಲಿ ಮೈನಾಬಾಯಿ ಹೋಳಿಗೆ ಬಡಿಸಿದಳು, ತುಪ್ಪ ಹಾಕಲಿಲ್ಲ, ಮಾತೂ ಆಡಲಿಲ್ಲ. ನೂರಾಒಂದರ ಮೇಲೆ ಕುಂಕುಮ ಹಚ್ಚುವ ಪ್ರಶ್ನೆಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನಲ್ಲಿಗೆ ಹೋಗಿ ಬರುವುದು ತಡವಾಯಿತು. ನಾನು ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದೆ. ಬಂದವಳು ಕೊಡ ಇಳಿಸಿ, 'ಉಸ್' ಎಂದು ನನ್ನ ಪಕ್ಕದಲ್ಲೇ ಕುಳಿತಳು.

"ಎಲ್ಲಾರೂ ನಿಮಗ ಬೈದ್ರು," ಎಂದಳು.

"ನೀನು?"

"ನಾನೂ ಬೈದೆ. ಎಲ್ಲಾರಿಗಿಂತ ಜೋರಾಗಿ ಬೈದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅಷ್ಟರಾಗ ಸಾವಂತ್ರೆವ್ವ ಬಂದ್ಲು. ಕೊಡಾ ಹಿಡಕೊಂಡು, ತನ್ನ ನಲವತ್ತೊಂದನೇ ಜಾಗಕ್ಕ. ಹಿಂದಿನಾಕಿ ಜಾಗಾ ಬಿಡಲಿಲ್ಲ. ಕೇಳಿದ್ರೂ ಕೇಳಿಸದಾಂಗ ನಿಂತ್ಲು. ಸಾಲಿನಾಗ ಒಬ್ಬಾಕೀನೂ ಅಲುಗಲಿಲ್ಲ. ಸಾವಂತ್ರೆವ್ವ ಬಾಜೂಕ ಸುಮ್ನ ನಿಂತ್ಲು ನೋಡ್ರಿ, ಖಾಲಿ ಕೊಡಾ ಹಿಡಕೊಂಡು. ನಾನೂ ನೋಡ್ಕೋತ ನಿಂತಿದ್ದೆ. ಎಲ್ಲಿತ್ತೋ ಏನೋ, ನನ್ನ ಬಾಯಾಗಿಂದ ಮಾತು ಬಂದಬಿಡ್ತು."

"ಏನಂದಿ?"

"ನಿಮ್ಮ ಗಂಡಂದಿರೇನ್ ಅಮರಪಟ್ಟಾ ಕಟ್ಟಿಸಿಕೊಂಡ್ ಬಂದಾರೇನ? ನಾಳೆ ಅವರಿಗೆ ಒಂದ್ ಹೋಗಿ ಒಂದಾದ್ರ, ನೀವು ಯಾರ ಮನಿ 'ಅ' ಆಗ್ತೀರಿ, ಹೇಳ್ರಿ ಅಂದೆ."

"ಆಮ್ಯಾಲೆ?"

"ಆಮ್ಯಾಲೆ ಏನು. ಹಿಂದಿನಾಕಿ ಒಂದ್ ಹೆಜ್ಜಿ ಸರದ್ಲು. ಆಕೀ ಹಿಂದಿನಾಕೀನೂ ಸರದ್ಲು. ಹಂಗ ಹಿಂದ ಹಿಂದ ಸರದು, ಕಡೀಕ ನನ್ನ ತನಕ ಬಂತು. ನಾನೂ ಸರದೆ."

ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆದೆ, ಅವಳು ಬಿಡಲಿಲ್ಲ.

"ಅದು ಅವರಿಗೆ ಅಂದಿದ್ದು. ಬರೂ ದಾರ್ಯಾಗ ನನಗ ನಾನ ಕೇಳಿಕೊಂಡೆ, ನಾ ಯಾರ ಮನಿ 'ಅ' ಆಗ್ತೀನಿ ಅಂತ." ಅವಳು ನನ್ನ ಕಡೆ ತಿರುಗಿ ಕುಳಿತಳು. "ನನ್ನ ಹೆಸರು ಪಟ್ಟಿಯೊಳಗ ಬರೀರಿ. ನೀವು ಹೋದ ಮ್ಯಾಲಲ್ಲ, ಇರೂವಾಗನ. ನಿಮ್ಮ ಹೆಸರಿನ ಬಾಜೂಕ, ಅದ ಸಾಲಿನಾಗ. ಹೋಗ್ರಿ, ಇವತ್ತ ಬರೀರಿ."

"ಇವತ್ತು ಹೆಂಗ ಬರಲಿ ಮಾರಾಯ್ತಿ? ಪಟ್ಟಿ ಗ್ವಾಡಿಗೆ ಅಂಟೈತಿ. ಇನ್ನ ಬರೋ ಪಾಡ್ಯದ ತನಕ ಏನೂ ಮಾಡಾಕ ಬರಂಗಿಲ್ಲ."

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ನನ್ನ ನರೆತ ಕೂದಲು, ಕನ್ನಡಕ, ಕೆಮ್ಮುವ ಎದೆ, ಎಲ್ಲವನ್ನೂ ಲೆಕ್ಕ ಹಿಡಿದಂತೆ ನೋಡಿದಳು. ಆಮೇಲೆ ಎದ್ದು ಕೊಡವನ್ನು ಸೊಂಟಕ್ಕೇರಿಸಿಕೊಂಡಳು.

"ಹಂಗಾದ್ರ ಅಲ್ಲೀ ತನಕ ಸಾಯಬ್ಯಾಡ್ರಿ," ಎಂದು ಹೇಳಿ ಒಳಗೆ ಹೋದಳು.